ಗೇಟ್ ಹಾಡನ್ನು ಇಳಿಸಿದ್ದು

ಪೇಂಟರಿಗೆ ಹೊಸ ಹಲ್ಲು ಕೂರಿಸಿ ಒಂಬತ್ತು ದಿನವಾಗಿತ್ತು. ಮೇಲಿನ ಸಾಲಿನ ಮುಂದಿನ ಆರು, ತೆಗೆದು ಹಾಕುವಂಥವು. ಊಟಕ್ಕೆ ತೊಂದರೆಯಿರಲಿಲ್ಲ. ನಗುವುದಕ್ಕಂತೂ ಮೊದಲಿನವಕ್ಕಿಂತ ಚೆನ್ನಾಗಿಯೇ ಇದ್ದವು. ಕ್ಯಾಂಟೀನಿನವನು "ಏನ್ ಪೇಂಟರೇ, ಹತ್ತು ವರ್ಷ ಚಿಕ್ಕವರಾಗ್ಬಿಟ್ರಿ" ಎಂದು ಹೇಳಿಯೂ ಆಗಿತ್ತು. ಆದರೆ ಟ್ರಂಪೆಟ್ಟನ್ನು ತುಟಿಗೊತ್ತಿ ಮೇಲಿನ ಸ್ವರಕ್ಕೆ ಉಸಿರು ಬಿಗಿದರೆ ಆರಕ್ಕೆ ಆರೂ ಸಣ್ಣಗೆ ಅಲುಗುತ್ತಿದ್ದವು. ಅಲುಗಿದ ಕೂಡಲೇ ಸ್ವರ ಒಡೆದು ಬರೀ ಗಾಳಿ ಹೊರಡುತ್ತಿತ್ತು. ಈ ಸಂಗತಿ ಪೇಂಟರಿಗೂ ಆ ಹಲ್ಲುಗಳಿಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ. ಹಾಗೆಂದು ಅವರು ನಂಬಿಕೊಂಡಿದ್ದರು.

ಬಸ್ ಡಿಪೋದಲ್ಲಿ ಬೋರ್ಡು ಬರೆಯುವುದು ಅವರ ಕೆಲಸ. ಬಸ್ಸಿನ ನಂಬರು, ಹೋಗುವ ಊರು, 'ಕೈ ಹೊರಗೆ ಚಾಚಬೇಡಿ' ಎಲ್ಲವೂ ಮೂವತ್ತೊಂದು ವರ್ಷದಿಂದ ಅವರ ಕೈಬರಹವೇ. ಅಕ್ಷರ ಅಕ್ಷರದ ನಡುವೆ ಎಷ್ಟು ಜಾಗ ಬಿಡಬೇಕೆಂದು ಅವರು ಅಳತೆಪಟ್ಟಿ ಮುಟ್ಟಿ ನೋಡಿದವರಲ್ಲ, ಎಲ್ಲ ಕಣ್ಣಳತೆ. ಅದರ ಬಗ್ಗೆ ಅವರಿಗೆ ಜಂಬವಿತ್ತು. ಅದಕ್ಕಿಂತ ದೊಡ್ಡ ಜಂಬ ಡಿಪೋದ ಬ್ಯಾಂಡಿನದು. ಎಂಟು ಜನರ ಆ ಬ್ಯಾಂಡನ್ನು ಕಟ್ಟಿದವರು, ಕಲಿಸಿದವರು, ಬೈದವರು, ಮುಂದೆ ನಿಂತು ಟ್ರಂಪೆಟ್ ಊದಿದವರು ಎಲ್ಲ ಅವರೇ.

ಆ ಡಿಪೋದಲ್ಲಿ ಒಂದು ಪದ್ಧತಿಯಿತ್ತು. ಡ್ರೈವರು ನಿವೃತ್ತಿಯಾಗುವ ದಿನ ಕೊನೆಯ ಟ್ರಿಪ್ಪು ಮುಗಿಸಿ ಬಸ್ಸನ್ನು ಗೇಟಿನೊಳಗೆ ತರುವಾಗ ಬ್ಯಾಂಡು 'ಗೇಟ್ ಹಾಡು' ನುಡಿಸುತ್ತದೆ. ಹಾಡು ಎನ್ನುತ್ತಾರೆಯೇ ಹೊರತು ಅದಕ್ಕೆ ಮಾತಿಲ್ಲ. ಬಸ್ಸು ತನ್ನ ಜಾಗದಲ್ಲಿ ಬಂದು ನಿಲ್ಲುತ್ತದೆ, ಇಂಜಿನ್ ಗುಂಯ್‌ಗುಡುತ್ತಿರುತ್ತದೆ. ಆಗ ಟ್ರಂಪೆಟ್ ಒಂದೇ ಮೇಲೆ ಹತ್ತಿ ಹತ್ತಿ, ಹಾಡಿನಲ್ಲೇ ಎಲ್ಲಕ್ಕಿಂತ ಎತ್ತರದ ಸ್ವರವಾದ ಮೇಲಿನ 'ಸ'ವನ್ನು ಮುಟ್ಟುತ್ತದೆ. ಆ 'ಸ' ಕಿವಿಗೆ ಬಿದ್ದಾಗ ಡ್ರೈವರು ಇಂಜಿನ್ ಆಫ್ ಮಾಡಬೇಕು. ಅಲ್ಲಿಗೆ ಅವರ ಸರ್ವಿಸ್ ಮುಗಿಯಿತು. ಹೀಗೆ ಪೇಂಟರು ಐವತ್ತಮೂರು ಡ್ರೈವರುಗಳನ್ನು ಸೀಟಿನಿಂದ ಇಳಿಸಿದ್ದರು.

ಐವತ್ತನಾಲ್ಕನೆಯವರು ಅವರ ಹೆಂಡತಿ.

ಡಿಪೋದವರೆಲ್ಲ ಆಕೆಯನ್ನು ಡ್ರೈವರಮ್ಮ ಎನ್ನುತ್ತಿದ್ದರು. ಇಪ್ಪತ್ತಾರು ವರ್ಷದ ಹಿಂದೆ ಆ ಡಿಪೋದಲ್ಲಿ ಸ್ಟೀರಿಂಗ್ ಹಿಡಿದ ಮೊದಲ ಹೆಂಗಸು. ಮೊದಲ ದಿನ ಆಕೆಯನ್ನು ಸೀಟಿನಲ್ಲಿ ನೋಡಿ ಹನ್ನೊಂದು ಜನ ಬಸ್ಸಿನಿಂದ ಇಳಿದು ಹೋಗಿದ್ದರು. ಈಗ ಅದೇ ರೂಟಿನಲ್ಲಿ 'ಡ್ರೈವರಮ್ಮನ ಬಸ್ಸು ಬರಲಿ, ಅದರಲ್ಲೇ ಹೋಗೋಣ' ಎಂದು ಮೊದಲು ಬಂದ ಬಸ್ಸನ್ನು ಬಿಟ್ಟು ಕಾಯುವವರಿದ್ದರು. ಇದನ್ನು ಪೇಂಟರು ಯಾರು ಸಿಕ್ಕರೂ ಹೇಳುತ್ತಿದ್ದರು. ಕೇಳಿದವರಿಗೇ ಎರಡನೇ ಸಲ, ಮೂರನೇ ಸಲ ಹೇಳುತ್ತಿದ್ದರು.

"ರೀ, ಭಾಷಣ ಗೀಷಣ ಬೇಡ ಅಂತ ಮ್ಯಾನೇಜರ್‌ಗೆ ಹೇಳ್ಬಿಟ್ಟಿದ್ದೀನಿ," ಎಂದರು ಡ್ರೈವರಮ್ಮ ಊಟದ ಹೊತ್ತಿಗೆ. "ಗಡಿಯಾರ ಕೊಡ್ತೀವಿ ಅಂದ್ರು. ಮನೇಲಿ ಮೂರಿದೆ, ಮೂರೂ ಮೂರು ಟೈಮ್ ತೋರಿಸ್ತವೆ, ನಾಲ್ಕನೇದು ಯಾಕೆ ಅಂದೆ. ನನಗೆ ಗೇಟ್ ಹಾಡು ಸಾಕು. ಐವತ್ತಮೂರು ಜನಕ್ಕೆ ನುಡಿಸಿದ್ರಲ್ಲ, ಅದೇ ಹಾಡು. ಒಂಚೂರೂ ಕಮ್ಮಿ ಆಗ್ಬಾರ್ದು."

"ಕಮ್ಮಿ ಯಾಕಾಗುತ್ತೆ?" ಎಂದ ಪೇಂಟರು ತುತ್ತನ್ನು ಅಗಿಯದೆ ನುಂಗಿದರು.

ಎದುರಿಗೆ ಕೂತಿದ್ದ ಮಗಳು ತಲೆಯೆತ್ತಿ ಅಪ್ಪನ ಮುಖ ನೋಡಿದಳು. ಆಮೇಲೆ ಏನೂ ಗೊತ್ತಿಲ್ಲದವಳ ಹಾಗೆ ನೀರು ಕುಡಿದಳು.

ಈ ಮಗಳ ವಿಷಯದಲ್ಲಿ ಪೇಂಟರಿಗೆ ಒಂದು ಕೊರಗಿತ್ತು. ಅವಳು ಅದೇ ಡಿಪೋದಲ್ಲಿ ಟೈಮ್‌ಕೀಪರ್. ಯಾವ ಬಸ್ಸು ಎಷ್ಟಕ್ಕೆ ಹೊರಡಬೇಕು, ಯಾವ ಸ್ಟಾಪಿಗೆ ಎಷ್ಟಕ್ಕೆ ಸೇರಬೇಕು ಎಂಬುದೆಲ್ಲ ಅವಳ ಹಲಗೆಯ ಮೇಲಿರುತ್ತಿತ್ತು. ಕೆಲಸದಲ್ಲಿ ಎರಡು ಮಾತಿಲ್ಲ. ಆದರೆ ಸಂಗೀತ? ನಾಲ್ಕು ವರ್ಷ ಸಂಜೆ ತರಗತಿಗೆ ಹೋಗಿ ಸಂಗೀತಶಾಸ್ತ್ರ ಓದಿ ಪರೀಕ್ಷೆ ಪಾಸು ಮಾಡಿದ್ದಳು. ಸ್ವರ ಎಂದರೇನು, ಒಂದು ಸ್ವರಕ್ಕೂ ಇನ್ನೊಂದಕ್ಕೂ ಎಷ್ಟು ಅಂತರ, ಯಾವುದರ ಜೊತೆ ಯಾವುದು ಸೇರುತ್ತದೆ, ಯಾಕೆ ಸೇರುತ್ತದೆ ಎಂದು ಪುಸ್ತಕಗಟ್ಟಲೆ ಬರೆದಿಟ್ಟಿದ್ದಳು. ವಾದ್ಯ ಕೊಟ್ಟರೆ ಮಾತ್ರ ಬೆರಳು ಓಡುತ್ತಿರಲಿಲ್ಲ. ಹಾರ್ಮೋನಿಯಂ ಮೇಲೆ ಅವಳ ಎರಡು ಬೆರಳು ಕೋಳಿ ಕಾಳು ಹೆಕ್ಕಿದ ಹಾಗೆ ಆಡುತ್ತಿದ್ದವು.

"ಬೋರ್ಡ್ ಬರೆದ ಮಾತ್ರಕ್ಕೆ ಬಸ್ ಊರು ಸೇರುತ್ತೇನೇ?" ಎಂದು ಪೇಂಟರು ರೇಗಿಸುತ್ತಿದ್ದರು.

"ಬೋರ್ಡೇ ಇಲ್ದಿರೋ ಬಸ್ ಹತ್ತಿದವರು ಎಲ್ಲಿ ಇಳೀತಾರಪ್ಪ?" ಎಂದು ಅವಳು ತಿರುಗಿಸುತ್ತಿದ್ದಳು.

ಮಾತಿಗೆ ಮಾತು ಕೊಡುತ್ತಾಳೆ ಎಂದು ಒಳಗೊಳಗೆ ಖುಷಿಯೇ. ಆದರೂ ಬ್ಯಾಂಡಿನವರ ಮುಂದೆ ಮಗಳ ಪರಿಚಯ ಹೇಳುವಾಗ ಅವರು 'ಟೈಮ್‌ಕೀಪರ್' ಎಂದು ನಿಲ್ಲಿಸುತ್ತಿದ್ದರು. ಸಂಗೀತದ ಸುದ್ದಿ ಎತ್ತುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಪೇಂಟರು ಬಣ್ಣದ ಕೋಣೆಯ ಬಾಗಿಲು ಹಾಕಿಕೊಂಡು, ಡಬ್ಬಗಳ ನಡುವೆ ನಿಂತು ಮತ್ತೆ ಊದಿ ನೋಡಿದರು. ಹಾಡು ಹತ್ತಿತು, ಹತ್ತಿತು, ಮೇಲಿನ 'ಸ'ದ ಹತ್ತಿರ ಬಂತು, ಹಲ್ಲು ಅಲುಗಿತು, ಉಫ್ ಎಂದಿತು. ಬಾಗಿಲು ತಟ್ಟಿದ ಶಬ್ದವಾಯಿತು. ಮಗಳು.

"ಹಲ್ಲು ಅಲ್ವಾಪ್ಪ?"

"ಯಾರಂದ್ರು?"

"ಒಂಬತ್ತು ದಿನದಿಂದ ಒಂದೇ ಜಾಗದಲ್ಲಿ ನಿಲ್ಲಿಸ್ತಾ ಇದ್ದೀರ. ನನ್ನ ಆಫೀಸ್ ಗೋಡೆ ಆಚೆ ಇದೆ, ಕಿವಿ ಇಲ್ವಾ ನನಗೆ?" ಅವಳು ಒಳಗೆ ಬಂದು ಬಾಗಿಲು ಹಾಕಿದಳು. "ಹಾಡನ್ನ ಇಳಿಸೋಣ. ಪೂರ್ತಿ ಹಾಡನ್ನೇ ಕೆಳಗಿನಿಂದ ಶುರು ಮಾಡಿದ್ರೆ ಮೇಲಿನ ಸ ನಿಮ್ಮ ಹಲ್ಲಿಗೆ ಸಿಗೋ ಜಾಗಕ್ಕೆ ಬರುತ್ತೆ."

ಪೇಂಟರ ಮುಖ ಕೆಂಪಾಯಿತು. "ಐವತ್ತಮೂರು ಜನಕ್ಕೆ ಎತ್ತರದ ಹಾಡು, ನಿಮ್ಮಮ್ಮನಿಗೆ ಕುಳ್ಳ ಹಾಡಾ? ಒಂಚೂರೂ ಕಮ್ಮಿ ಆಗ್ಬಾರ್ದು ಅಂದಿದ್ದು ಕೇಳಿಸ್ಲಿಲ್ವಾ? ಹೋಗು, ನಿನ್ನ ಬಸ್ ಹೊರಡೋ ಹೊತ್ತಾಯ್ತು."

"ಕಮ್ಮಿ ಆಗಲ್ಲಪ್ಪ, ಅದೇ ಹಾಡು ಇರುತ್ತೆ…"

"ಹೋಗು ಅಂದೆ."

ಅವಳು ಹೋದಳು. ಪೇಂಟರು ಟ್ರಂಪೆಟ್ಟಿನ ಬಾಯಿ ಒರೆಸುತ್ತಾ ಕೂತರು. ಮಗಳನ್ನು ಗದರಿಸಿದ್ದಕ್ಕೆ ಬೇಸರವಾಯಿತು. ಆದರೆ ಅವಳು ಹೇಳಿದ ಮಾತು ತಲೆಯಿಂದ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಅವರದೇ ಯೋಚನೆ ಎನ್ನುವ ಹಾಗೆ ಆಗಿಬಿಟ್ಟಿತ್ತು. ಹಾಡೇ ಇಲ್ಲದಿರುವುದಕ್ಕಿಂತ ಕುಳ್ಳ ಹಾಡು ವಾಸಿ. ಇಳಿಸುವುದೇನು ದೊಡ್ಡ ವಿಷಯ, ಅದಕ್ಕೆ ನಾಲ್ಕು ವರ್ಷದ ಓದು ಬೇಕೆ?

ಸಂಜೆ ಐದಕ್ಕೆ, ಬಸ್ಸಿನ ಮೈ ರಿಪೇರಿ ಮಾಡುವ ಬಾಡಿ ಶೆಡ್ಡಿನಲ್ಲಿ ಬ್ಯಾಂಡಿನ ಅಭ್ಯಾಸ. ಕ್ಲಾರಿನೆಟ್ಟಿಗೆ ಸ್ಟೋರಿನ ಯಜಮಾನರು, ಹಾರ್ಮೋನಿಯಂಗೆ ಎಲೆಕ್ಟ್ರಿಷಿಯನ್ ಕರೆಂಟಣ್ಣ, ದೊಡ್ಡ ಡ್ರಮ್ಮಿಗೆ ಟೈರ್ ವಿಭಾಗದ ಟೈರಪ್ಪ, ಉಳಿದ ನಾಲ್ವರು ಕೊಳಲು, ಕೊಂಬು ಹಿಡಿದವರು. ಇವರಿಗೆಲ್ಲ ಪೇಂಟರು ಕಲಿಸಿದ್ದು ಬೆರಳಿನ ಲೆಕ್ಕದಲ್ಲಿ. 'ಇಲ್ಲಿ ಒತ್ತು, ಇಲ್ಲಿ ಬಿಡು, ಈಗ ಪಕ್ಕದ್ದು' ಅಷ್ಟೇ. ಕರೆಂಟಣ್ಣನ ಹಾರ್ಮೋನಿಯಂ ಮೇಲೆ ಬೆರಳಿಂದ ಒತ್ತುವ ಏಳು ಬಿಳಿ ಮನೆಗಳಿಗೆ ಪೇಂಟರೇ ಕೆಂಪು ಚುಕ್ಕೆ ಇಟ್ಟಿದ್ದರು. ಹಾಡಿರುವುದು ಬೆರಳಲ್ಲಿ ಎಂಬುದು ಅವರ ಸಿದ್ಧಾಂತ. ಹಾಗೆ ಕಲಿತವರು ಹದಿನೆಂಟು ವರ್ಷದಿಂದ ಒಂದು ಸಲವೂ ತಪ್ಪಿರಲಿಲ್ಲ.

"ಎಲ್ಲರೂ ಕೇಳಿ," ಎಂದರು ಪೇಂಟರು. "ಈ ಸಲ ಎರಡು ಮನೆ ಇಳಿಸಿ ನುಡಿಸೋಣ."

"ಯಾಕೆ?" ಎಂದರು ಸ್ಟೋರಿನ ಯಜಮಾನರು.

"ಇಳಿಸಿ ಅಂದ್ರೆ ಇಳಿಸಿ."

ಎಲ್ಲರೂ ತಲೆಯಾಡಿಸಿದರು. ಎಲ್ಲರೂ ಇಳಿಸಿದರು. ಕರೆಂಟಣ್ಣ ಕೆಂಪು ಚುಕ್ಕೆಯಿಂದ ಎರಡು ಬಿಳಿ ಮನೆ ಕೆಳಗೆ ಬಂದ. ಯಜಮಾನರು ಕ್ಲಾರಿನೆಟ್ಟಿನಲ್ಲಿ ಎರಡು ತೂತು ಕೆಳಗೆ ಬಂದರು. ಕೊಳಲಿನವನು ತನ್ನ ಎರಡು, ಕೊಂಬಿನವನು ತನ್ನ ಎರಡು. ಡ್ರಮ್ಮಿನಲ್ಲಿ ಇಳಿಯುವುದಕ್ಕೆ ಏನೂ ಇಲ್ಲದಿದ್ದರೂ ತನ್ನ ಪಾಲಿಗೂ ಏನಾದರೂ ಇರಲಿ ಎಂದು ಟೈರಪ್ಪ ಮೆಲ್ಲಗೆ ಬಾರಿಸತೊಡಗಿದ. "ಒಂದ್, ಎರಡ್" ಎಂದರು ಪೇಂಟರು.

ಆಮೇಲೆ ಹೊರಟ ಶಬ್ದವನ್ನು ಏನೆಂದು ಕರೆಯುವುದೋ ತಿಳಿಯದು. ಕರೆಂಟಣ್ಣನ ಹಾರ್ಮೋನಿಯಂನಲ್ಲಿ ನಗುನಗುತ್ತಾ ಗೇಟಿಗೆ ಬರಬೇಕಾದ ಹಾಡು ಸತ್ತವರ ಮನೆಗೆ ಹೊರಟಿತ್ತು. ಕ್ಲಾರಿನೆಟ್ಟು ಇನ್ನಾವುದೋ ಊರಿಗೆ, ಕೊಳಲು ಮತ್ತೊಂದು ಊರಿಗೆ. ಎಂಟು ಸಾಲು ಕಳೆಯುವಷ್ಟರಲ್ಲಿ ಶೆಡ್ಡಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದುಹೋದವು. ಬಸ್ಸು ತೊಳೆಯುವ ಕಡೆಯಿಂದ ಯಾರೋ "ಏನಾಯ್ತ್ರೋ, ಯಾರಿಗಾದ್ರೂ ಪೆಟ್ಟಾಯ್ತಾ?" ಎಂದು ಕೂಗಿದರು.

"ನಾನು ಸರಿಯಾಗೇ ಎರಡು ಇಳಿದಿದ್ದೀನಿ!" ಎಂದ ಕರೆಂಟಣ್ಣ.

"ನಾನೂ ಎರಡೇ!" ಎಂದರು ಯಜಮಾನರು.

ಎಲ್ಲರೂ ಎರಡೇ ಇಳಿದಿದ್ದರು. ಯಾರ ಲೆಕ್ಕವೂ ತಪ್ಪಿರಲಿಲ್ಲ, ಹಾಡು ಮಾತ್ರ ಹಾಳಾಗಿತ್ತು. ಪೇಂಟರು ಟ್ರಂಪೆಟ್ಟನ್ನು ಕೆಳಗಿಳಿಸಿದರು. ತಮ್ಮ ಟ್ರಂಪೆಟ್ಟಿನಲ್ಲಿ ಅವರು ಕಿವಿ ಹಿಡಿದ ದಾರಿಯಲ್ಲಿ ಹೇಗೋ ಇಳಿದುಬಿಡುತ್ತಿದ್ದರು. ಆದರೆ ಉಳಿದವರಿಗೆ ಎಲ್ಲಿ ಬೆರಳಿಡಬೇಕೆಂದು ಹೇಳಲು ಅವರ ಬಳಿ ಮಾತೇ ಇರಲಿಲ್ಲ. ಮೂವತ್ತು ವರ್ಷ ಊದಿದ್ದೇನೆ, ನನಗೇ ಗೊತ್ತಿಲ್ಲವಲ್ಲ ಎನಿಸಿ ಕಿವಿ ಬಿಸಿಯಾಯಿತು.

ಸ್ಟೋರಿನ ಯಜಮಾನರು ಹತ್ತಿರ ಬಂದು ದನಿ ತಗ್ಗಿಸಿದರು. "ಹಲ್ಲಾ?"

"ಹೂಂ."

"ಡ್ರೈವರಮ್ಮ ಇಳಿಯೋ ಶುಕ್ರವಾರಕ್ಕೆ ಇನ್ನು ಹತ್ತು ದಿನ. ಟೈಮ್‌ಕೀಪರಮ್ಮನ್ನ ಕೇಳ್ರೀ. ಮನೇಲಿ ದೀಪ ಇಟ್ಕೊಂಡು ಇಲ್ಲಿ ತಡಕಾಡ್ತೀರಲ್ಲ!"

ಪೇಂಟರು ಟ್ರಂಪೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮಗಳ ಆಫೀಸಿನ ಕಿಟಕಿಯ ಮುಂದೆ ಹೋಗಿ ನಿಂತರು. ಒಳಗೆ ಅವಳು ಹಲಗೆಯ ಮೇಲೆ ಮರುದಿನದ ಸಮಯಗಳನ್ನು ಬರೆಯುತ್ತಿದ್ದಳು. ಕಿಟಕಿಗೆ ಬಂದ ಡ್ರೈವರುಗಳಂತೆಯೇ ಅವರೂ ತುಸು ಬಾಗಿ ಮಾತಾಡಬೇಕಾಯಿತು.

"ಮಗಳೇ, ನಮಗೆ ಬರ್ತಿಲ್ಲ. ನೀನೇ ಬಾ."

ಅವಳು ಒಂದು ಮಾತೂ ಚುಚ್ಚಲಿಲ್ಲ. ಗೋಡೆಯಿಂದ ಹಲಗೆಯನ್ನೇ ಕಳಚಿಕೊಂಡು ಶೆಡ್ಡಿಗೆ ಬಂದಳು. ಅದನ್ನು ಟೈರುಗಳ ರಾಶಿಗೆ ಒರಗಿಸಿ, ಬರೆದದ್ದನ್ನು ಒರೆಸಿ, ಒಂದು ಗೆರೆ ಎಳೆದು ಎಂಟು ಚುಕ್ಕೆ ಇಟ್ಟಳು.

"ಇದೊಂದು ರೂಟು. ಎಂಟು ಸ್ಟಾಪು. ಸ, ರಿ, ಗ, ಮ, ಪ, ದ, ನಿ, ಆಮೇಲೆ ಮೇಲಿನ ಸ. ಬೆಳಿಗ್ಗೆ ಏಳಕ್ಕೆ ಹೊರಟ ಬಸ್ಸು ಒಂದೊಂದು ಸ್ಟಾಪಿಗೂ ಎಷ್ಟು ನಿಮಿಷ ತಗೊಳುತ್ತೆ ನೋಡಿ." ಚುಕ್ಕೆಗಳ ನಡುವೆ ಬರೆಯುತ್ತಾ ಹೋದಳು: ಎರಡು, ಎರಡು, ಒಂದು, ಎರಡು, ಎರಡು, ಎರಡು, ಒಂದು. "ಒಟ್ಟು ಹನ್ನೆರಡು ನಿಮಿಷ. ಈಗ ಇದೇ ಬಸ್ಸನ್ನ ಏಳರ ಬದಲು ಆರೂವರೆಗೆ ಬಿಟ್ರೆ?"

"ಅದೇ ಹನ್ನೆರಡು ನಿಮಿಷ," ಎಂದ ಟೈರಪ್ಪ.

"ಸ್ಟಾಪಿಂದ ಸ್ಟಾಪಿಗೆ?"

"ಅದೂ ಅಷ್ಟೇ. ಹೊರಡೋ ಟೈಮ್ ಬದಲಾದ್ರೆ ರಸ್ತೆ ಬದಲಾಗುತ್ತಾ?"

"ಅಷ್ಟೇ ಕಣಣ್ಣ, ನಾನು ನಾಲ್ಕು ವರ್ಷ ಓದಿದ್ದು. ಹಾಡು ಇರೋದು ಜಾಗದಲ್ಲಲ್ಲ, ದೂರದಲ್ಲಿ. ಎಲ್ಲಿಂದ ಬೇಕಾದ್ರೂ ಹೊರಡಿ. ಈ ದೂರ ತಪ್ಪದಿದ್ರೆ ಅದೇ ಹಾಡು."

ಸಮಯದ ಪಟ್ಟಿ ಹಿಡಿದು ಜೀವಮಾನ ಕಳೆದವರಿಗೆ ಇದು ಎರಡನೇ ಸಲ ಹೇಳಬೇಕಾದ ಮಾತಾಗಿರಲಿಲ್ಲ. ಆದರೂ ಕರೆಂಟಣ್ಣನಿಗೆ ಸಮಾಧಾನವಿಲ್ಲ. "ಹಾಗಾದ್ರೆ ನಾನು ಎರಡು ಮನೆ ಇಳಿದಾಗ ಅಳು ಯಾಕೆ ಬಂತು?"

"ಹಾರ್ಮೋನಿಯಂ ನೋಡಣ್ಣ. ಕರಿದು ಬಿಳಿದು ಅನ್ನದೆ ಒಂದರ ಪಕ್ಕ ಒಂದು ಎಣಿಸು. ಪಕ್ಕದ ಮನೆ ಒಂದು ನಿಮಿಷ. ಮಧ್ಯದಲ್ಲಿ ಒಂದು ಮನೆ ದಾಟಿದ್ರೆ ಎರಡು."

ಕರೆಂಟಣ್ಣ ಮೂಗು ಮನೆಗಳಿಗೆ ತಾಗುವಷ್ಟು ಬಾಗಿ ಎಣಿಸಿದ. "ಅರೆರೆ! ಇಲ್ಲಿ ಎರಡು ಬಿಳಿ ಮಧ್ಯೆ ಕರಿನೇ ಇಲ್ಲ! ಇಲ್ಲೂ ಇಲ್ಲ!"

"ಹದಿನೆಂಟು ವರ್ಷದಿಂದ ಅದು ಅಲ್ಲೇ ಇದೆ," ಎಂದರು ಯಜಮಾನರು.

"ಅಲ್ಲಿ ದೂರ ಒಂದೇ ನಿಮಿಷ. ಹಳೇ ಜಾಗದಿಂದ ಹೊರಟಾಗ ಆ ಒಂದೊಂದು ನಿಮಿಷ ಸರಿಯಾದ ಕಡೆ ಬೀಳ್ತಿತ್ತು. ಇಳಿದ ಮೇಲೂ ನೀನು ಬಿಳಿ ಬಿಟ್ಟು ಅಲುಗಲಿಲ್ಲ. ಅದಕ್ಕೆ ಗ, ದ, ನಿ ಮೂರೂ ಒಂದೊಂದು ನಿಮಿಷ ಬೇಗ ಬಂದುಬಿಟ್ವು. ಹೊರಟ ಜಾಗ ಸರಿಯಾಗೇ ಇತ್ತಣ್ಣ, ಓಡಿಸಿದ್ದು ತಪ್ಪು. ಈ ಮೂರು ಕಡೆ ಕರಿ ಮನೆ ಹತ್ತಬೇಕು."

ಅವನು ಹತ್ತಿದ. ಎರಡು, ಎರಡು, ಒಂದು ಎಂದು ಗುಣುಗುತ್ತಾ ಮೇಲಿನ ಸ ಮುಟ್ಟಿದ. ಅಳು ಹೋಗಿತ್ತು. ಗೇಟ್ ಹಾಡು ತನ್ನ ನಗುವನ್ನೆಲ್ಲ ಹೊತ್ತುಕೊಂಡು ಎರಡು ಬಿಳಿ ಮನೆ, ಲೆಕ್ಕಕ್ಕೆ ಮೂರು ನಿಮಿಷ, ಕೆಳಗಿನಿಂದ ಹೊರಟು ಬಂತು. ಕರೆಂಟಣ್ಣ ಎದ್ದು ನಿಂತು ತನ್ನ ಹಾರ್ಮೋನಿಯಂ ಅನ್ನೇ ಹೊಸಬನನ್ನು ನೋಡುವಂತೆ ನೋಡಿದ.

ಆಮೇಲೆ ಅವಳು ಒಬ್ಬೊಬ್ಬರ ಬಳಿಯೂ ಕೂತಳು. ಕ್ಲಾರಿನೆಟ್ಟಿನ ಯಾವ ತೂತು ತೆರೆದರೆ ಎಷ್ಟು ನಿಮಿಷ, ಕೊಳಲಿನಲ್ಲಿ ಅರ್ಧ ಮುಚ್ಚಿದರೆ ಎಷ್ಟು ಎಂದು ಲೆಕ್ಕ ಹಾಕಿ ಎಲ್ಲರಿಗೂ ಒಂದೊಂದು ಚೀಟಿ ಬರೆದುಕೊಟ್ಟಳು. ಪೇಂಟರು ಬಣ್ಣದ ಕೋಣೆಯಿಂದ ನೀಲಿ ಡಬ್ಬ ತಂದು ಹಾರ್ಮೋನಿಯಂ ಮೇಲೆ ಹೊಸ ಚುಕ್ಕೆ ಇಡಲು ಹೋದರು.

"ಬೇಡ ಪೇಂಟರೇ," ಎಂದ ಕರೆಂಟಣ್ಣ. "ಇನ್ಮೇಲೆ ಚುಕ್ಕೆ ಬೇಡ. ದೂರ ಗೊತ್ತಲ್ಲ."

ಆ ಮಾತು ಕೇಳಿ ಪೇಂಟರಿಗೆ ಒಂದು ಕ್ಷಣ ಕೈ ಖಾಲಿಯಾದಂತಾಯಿತು. ಹದಿನೆಂಟು ವರ್ಷದಲ್ಲಿ ತಾವು ಕಲಿಸದ್ದನ್ನು ಮಗಳು ಒಂದು ಸಂಜೆಯಲ್ಲಿ ಕಲಿಸಿದ್ದಳು. ಮರುಕ್ಷಣವೇ ಎದೆ ಉಬ್ಬಿತು. ಕಲಿಸಿದವಳು ಯಾರು? ನನ್ನ ಮಗಳಲ್ಲವೆ! ನೀಲಿ ಡಬ್ಬದ ಮುಚ್ಚಳ ಒತ್ತಿ ಪಕ್ಕಕ್ಕಿಟ್ಟು, ಅವಳು ಕ್ಲಾರಿನೆಟ್ಟಿನ ಬಗ್ಗೆ ಯಜಮಾನರಿಗೆ ಹೇಳುವುದನ್ನು ತಾವೂ ಬಾಗಿ ಕೇಳಿದರು.

ಹತ್ತು ದಿನ ಅಭ್ಯಾಸ ನಡೆಯಿತು. ಬ್ಯಾಂಡಿನವರಿಗೆ ಹುಚ್ಚು ಹಿಡಿದಂತಾಗಿತ್ತು. ಗೊತ್ತಿದ್ದ ಹಾಡನ್ನೆಲ್ಲ ಸಿಕ್ಕ ಸಿಕ್ಕ ಜಾಗದಿಂದ ಹೊರಡಿಸಿ ನೋಡಿದರು. ಒಂದು ಹಾಡಿಗೆ ತಿಂಗಳು ಹಿಡಿಯುತ್ತಿದ್ದವರು ಒಂದು ವಾರದಲ್ಲಿ ಎರಡು ಹೊಸ ಹಾಡು ಕಲಿತರು. ಪೇಂಟರ ಹಲ್ಲೂ ಹೊಸ ಮೇಲಿನ ಸಕ್ಕೆ ಒಗ್ಗಿತು. ಅಲುಗಲಿಲ್ಲ. ಆದರೂ ಅವರ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಐವತ್ತಮೂರು ಸಲ ಆ ಹಾಡನ್ನು ಡಿಪೋದಲ್ಲಿ ನಿಂತು ಕೇಳಿದವಳು ಹೆಂಡತಿ. ಇಳಿಸಿದ್ದೀರಿ, ನನಗೇ ಕಮ್ಮಿ ಮಾಡಿದಿರಿ ಎಂದುಬಿಟ್ಟರೆ? ಜನರ ಮುಂದೆ ಏನೂ ಅನ್ನುವವಳಲ್ಲ. ಅನ್ನದೆ ಸುಮ್ಮನಿದ್ದುಬಿಟ್ಟರೆ ಅದೇ ಹೆಚ್ಚು.

"ನಾನೇನೋ ಅಂದಾಜಿಗೆ ಎರಡು ಮನೆ ಅಂದೆ, ನೀನೂ ಆ ಮೂರು ನಿಮಿಷವೇ ಯಾಕೆ ಉಳಿಸಿಕೊಂಡೆ?" ಎಂದು ಒಂದು ದಿನ ಮಗಳನ್ನು ಕೇಳಿದರು. "ಎರಡಿಳಿಸಿದ್ರೂ ನನ್ನ ಹಲ್ಲು ತಡೀತಿತ್ತು. ಒಂದು ನಿಮಿಷ ಆದ್ರೂ ಎತ್ತರ ಉಳೀತಿತ್ತು."

"ಕಾರಣ ಇದೆಯಪ್ಪ. ಶುಕ್ರವಾರ ಗೊತ್ತಾಗುತ್ತೆ."

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಪೇಂಟರು ಹೆಂಡತಿಯ ಬಸ್ಸಿನ ನಂಬರಿಗೆ ಇನ್ನೊಂದು ಕೋಟು ಹಳದಿ ಬಳಿಯೋಣವೆಂದು ಬಂದಾಗ ಒಂದು ವಿಚಿತ್ರ ಕಂಡರು. ಬಸ್ಸು ಸ್ಟಾರ್ಟಾಗಿ ನಿಂತಿತ್ತು. ಮಿಸ್ತ್ರಿ ಇಂಜಿನ್ನಿನ ಮುಚ್ಚಳ ಎತ್ತಿ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ್ದ. ಪಕ್ಕದಲ್ಲಿ ಮಗಳು ನೆಲದ ಮೇಲೆ ಕರೆಂಟಣ್ಣನ ಹಾರ್ಮೋನಿಯಂ ಇಟ್ಟುಕೊಂಡು ಒಂದೇ ಮನೆಯನ್ನು ಒತ್ತಿ ಹಿಡಿದಿದ್ದಳು.

"ಇನ್ನೊಂಚೂರು ಬಿಗಿ… ಸಾಕು, ಸಾಕು!"

"ಏನ್ರೋ ಇದು?"

"ಏನಿಲ್ಲಪ್ಪ, ನಿಂತಾಗ ಇಂಜಿನ್ ಎಷ್ಟು ಓಡುತ್ತೆ ಅಂತ ಐಡ್ಲಿಂಗ್ ನೋಡಿಸ್ತಿದ್ದೆ," ಎಂದಳು ಮಗಳು. ಮಿಸ್ತ್ರಿ ನಗು ತಡೆದುಕೊಂಡು ಮುಚ್ಚಳ ಹಾಕಿದ. ಡ್ರೈವರಮ್ಮನ ಕೊನೆಯ ದಿನ, ಬಸ್ಸು ಚೆನ್ನಾಗಿರಲಿ ಎಂದು ನೋಡುತ್ತಿದ್ದಾರೆ ಎಂದುಕೊಂಡು ಪೇಂಟರು ಹಳದಿ ಡಬ್ಬ ತೆರೆದರು.

ಸಂಜೆ ನಾಲ್ಕು ಗಂಟೆಗೆ ಡಿಪೋದ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ರಜೆಯಲ್ಲಿದ್ದವರೂ ಬಂದಿದ್ದರು. ಗೇಟಿನ ಹೊರಗೆ ಆ ರೂಟಿನ ಪ್ರಯಾಣಿಕರು ಒಂದು ಗುಂಪೇ ನಿಂತಿದ್ದರು. ನಾಲ್ಕು ಹತ್ತಕ್ಕೆ ತಿರುವಿನಲ್ಲಿ ಬಸ್ಸಿನ ಮೂತಿ ಕಂಡಿತು. ಪೇಂಟರು ನಾಲಿಗೆಯಿಂದ ಹಲ್ಲುಗಳನ್ನು ಒಮ್ಮೆ ಒತ್ತಿ ನೋಡಿಕೊಂಡು "ಒಂದ್, ಎರಡ್" ಎಂದರು.

ಹಾಡು ಹೊರಟಿತು. ಡ್ರೈವರಮ್ಮ ಯಾವತ್ತಿನಂತೆ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಸ್ಟೀರಿಂಗ್ ಮೇಲಿಟ್ಟು, ಗೇಟಿನ ಕಂಬಕ್ಕೆ ಒಂದು ಗೇಣು ಬಿಟ್ಟು ಬಸ್ಸನ್ನು ಒಳಗೆ ತಂದರು. ಒಂದೇ ಸಲಕ್ಕೆ ತಿರುಗಿಸಿ, ಹಿಂದೆ ಮುಂದೆ ಮಾಡದೆ, ತನ್ನ ಗೆರೆಯೊಳಗೆ ನಿಲ್ಲಿಸಿದರು. ಅದನ್ನು ನೋಡಿ ಪೇಂಟರಿಗೆ ಊದುತ್ತಿರುವಾಗಲೇ ನಗು ಬಂತು. ಇಪ್ಪತ್ತಾರು ವರ್ಷದಲ್ಲಿ ಆಕೆ ಓಡಿಸಿದ ಯಾವ ಬಸ್ಸಿಗೂ ಒಂದು ಗೀರು ಬಿದ್ದಿರಲಿಲ್ಲ; ಬಿದ್ದಿದ್ದರೆ ಬಣ್ಣ ಹಚ್ಚಬೇಕಾದವರು ಅವರೇ ಅಲ್ಲವೆ, ಅವರಿಗೆ ಗೊತ್ತಿರದೆ ಇರುತ್ತದೆಯೆ?

ಬ್ಯಾಂಡು ನಿಂತಿತು. ಈಗ ಟ್ರಂಪೆಟ್ಟಿನ ಪಾಳಿ. ಆಗಲೇ ಪೇಂಟರಿಗೆ ಕೇಳಿಸಿದ್ದು.

ಪ್ರತಿ ಸಲ ಈ ಜಾಗಕ್ಕೆ ಬಂದಾಗ ಇಂಜಿನ್ನಿನ ಗುಂಯ್ ಒಂದು ದಾರಿ, ಅವರ ಟ್ರಂಪೆಟ್ಟು ಒಂದು ದಾರಿ. ಯಾವಾಗ ಆಫ್ ಮಾಡುತ್ತಾರೋ ಎಂದು ಅವರು ಐವತ್ತಮೂರು ಸಲ ಹಲ್ಲು ಕಚ್ಚಿ ಕಾದಿದ್ದರು. ಇವತ್ತು ಇಂಜಿನ್ ಜಗಳಕ್ಕೆ ಬರಲಿಲ್ಲ. ಅದು ಕೆಳಗೆ ಎಲ್ಲೋ ಆಳದಲ್ಲಿ ಸ ಹಿಡಿದು ನಿಂತಿತ್ತು. ಅವರು ರಿ ಎಂದರೆ ಕಾಯಿತು, ಪ ಎಂದರೆ ಹೂಂಗುಟ್ಟಿತು. ಹಾಡನ್ನು ಮೂರೇ ನಿಮಿಷ ಇಳಿಸಿದ್ದು ಯಾಕೆ, ಬೆಳಿಗ್ಗೆ ಹಾರ್ಮೋನಿಯಂ ಬಸ್ಸಿನ ಪಕ್ಕ ಯಾಕೆ ಕೂತಿತ್ತು ಎಲ್ಲ ಒಮ್ಮೆಲೇ ಹೊಳೆಯಿತು. ಅವರ ಮಗಳು ಬ್ಯಾಂಡನ್ನು ಬಸ್ಸಿನ ಶ್ರುತಿಗೆ ಕೂರಿಸಿದ್ದಳು. ಉಳಿದ ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಬಸ್ಸನ್ನೇ ಬ್ಯಾಂಡಿಗೆ ಶ್ರುತಿ ಮಾಡಿಸಿದ್ದಳು.

ಪೇಂಟರು ಹತ್ತಿದರು. ಎರಡು, ಎರಡು, ಒಂದು. ಎರಡು, ಎರಡು, ಎರಡು. ಒಂದು. ಮೇಲಿನ ಸ ಸಿಕ್ಕಿತು. ಹಲ್ಲು ಅಲುಗಲಿಲ್ಲ. ಕೆಳಗಿನ ಸ ಇಂಜಿನ್ನಿನದು, ಮೇಲಿನ ಸ ಅವರದು, ನಡುವೆ ಇಡೀ ಅಂಗಳ.

ಇಂಜಿನ್ ಆಫ್ ಆಗಲಿಲ್ಲ.

ಪೇಂಟರು ಕಣ್ಣಂಚಿನಲ್ಲಿ ನೋಡಿದರು. ಕೀಲಿಯ ಮೇಲೆ ಕೈಯಿಟ್ಟುಕೊಂಡು ಹೆಂಡತಿ ಸುಮ್ಮನೆ ಕೂತಿದ್ದರು. ಕಣ್ಣು ಮುಚ್ಚಿತ್ತು. ಉಸಿರು ತೀರುತ್ತಾ ಬಂತು. ಆಫ್ ಮಾಡೇ ಮಾರಾಯ್ತಿ ಎಂದು ಮನಸ್ಸಿನಲ್ಲೇ ಕೂಗಿಕೊಂಡರು. ಆದರೆ ಬಿಡಲು ಮನಸ್ಸಾಗಲಿಲ್ಲ. ಬದುಕಿನಲ್ಲಿ ಅಷ್ಟು ಉದ್ದದ ಸ್ವರ ಅವರು ಹಿಡಿದಿರಲಿಲ್ಲ. ಸ್ವಂತ ಹಲ್ಲಿದ್ದ ಕಾಲದಲ್ಲೂ ಹಿಡಿದಿರಲಿಲ್ಲ.

ಕೊನೆಗೆ ಕೀಲಿ ತಿರುಗಿತು. ಕೆಳಗಿನ ಸ ನಿಂತುಹೋಯಿತು. ಅದರ ಮೇಲೆ ನಿಂತಿದ್ದ ಟ್ರಂಪೆಟ್ಟಿನ ಸ ಒಂದು ಗಳಿಗೆ ಒಂಟಿಯಾಗಿ, ನಡುಗದೆ ನಿಂತು, ಆಮೇಲೆ ಮುಗಿಯಿತು. ಮೊದಲು ಚಪ್ಪಾಳೆ ತಟ್ಟಿದವರು ಗೇಟಿನ ಹೊರಗಿನ ಪ್ರಯಾಣಿಕರು.

ಡ್ರೈವರಮ್ಮ ಬಸ್ಸಿನಿಂದ ಇಳಿದು ನೇರವಾಗಿ ಗಂಡನ ಬಳಿ ಬಂದರು. ಕಣ್ಣೊರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಏನ್ರೀ ಇದು? ಆಫ್ ಮಾಡೋಕೆ ಕೈಯೇ ಬರಲಿಲ್ಲ. ನನ್ನ ಬಸ್ಸೂ ನಿಮ್ಮ ಜೊತೆ ಹಾಡ್ತಾ ಇದೆ ಅನ್ನಿಸ್ತು. ಬೆಳಿಗ್ಗೆಯಿಂದ ಇದರ ದನಿ ಒಂಚೂರು ಬೇರೆ ಇದೆ, ಯಾರು ಕೈ ಹಾಕಿದ್ರು ಅಂತ ಬೈಕೊಂಡೇ ಓಡಿಸ್ತಿದ್ದೆ."

ಪೇಂಟರು ಮುಖದ ಬೆವರೊರೆಸಿಕೊಂಡರು. ಮುಳ್ಳು ಇನ್ನೂ ಇತ್ತು. "ಹಾಡು? ಹಾಡು ಕಮ್ಮಿ ಅನ್ನಿಸ್ಲಿಲ್ವಾ?"

"ಕಮ್ಮೀನಾ? ಅದೇ ಹಾಡಲ್ವಾ? ಎಲ್ಲರಿಗೂ ನುಡಿಸೋದೇ ತಾನೇ?"

ಅಷ್ಟು ಸಾಕಾಗಿತ್ತು. ಪೇಂಟರು ಸುತ್ತ ನಿಂತಿದ್ದ ಜನರ ಕಡೆ, ಮ್ಯಾನೇಜರ ಕಡೆ, ಗೇಟಿನ ಕಡೆ ತಿರುಗಿ, ಹೊಸ ಹಲ್ಲು ಆರೂ ಕಾಣುವಂತೆ ನಕ್ಕು ದನಿಯೆತ್ತಿದರು.

"ಅದೇ ಹಾಡು! ಆದ್ರೆ ನನ್ನ ಹಲ್ಲು ಕೈಕೊಟ್ಟು ಹಾಡು ಮೂರು ನಿಮಿಷ ಇಳಿದಿದೆ. ಯಾರಿಗಾದ್ರೂ ಗೊತ್ತಾಯ್ತಾ? ಗೊತ್ತಾಗಲ್ಲ! ಯಾಕಂದ್ರೆ ಹಾಡು ಇರೋದು ಜಾಗದಲ್ಲಲ್ಲ, ದೂರದಲ್ಲಿ. ಇಳಿಸಿದ್ದು ಯಾರು? ಬಸ್ಸಿನ ಇಂಜಿನ್ನನ್ನ ಶ್ರುತಿಗೆ ತಂದಿದ್ದು ಯಾರು? ನನ್ನ ಮಗಳು. ಸಂಗೀತಶಾಸ್ತ್ರ ಓದಿದ್ದಾಳೆ, ನಾಲ್ಕು ವರ್ಷ!"

ಮ್ಯಾನೇಜರಿಗೆ ಎರಡು ಎರಡು ಒಂದರ ಪಾಠವನ್ನು ಅವರು ಅಲ್ಲಿಯೇ ಆರಂಭಿಸಿದರು. ಮಗಳು ತಲೆ ತಗ್ಗಿಸಿಕೊಂಡು ಅಮ್ಮನ ಬೆನ್ನ ಹಿಂದೆ ಸರಿದಳು. ಡ್ರೈವರಮ್ಮ ಅವಳ ಕೈ ಹಿಡಿದು ಮುಂದಕ್ಕೆಳೆದರು.

ಸೋಮವಾರ ಬೆಳಿಗ್ಗೆ ಮಗಳು ಆಫೀಸಿಗೆ ಬರುವಾಗ ಶೆಡ್ಡಿನಲ್ಲಿ ಅಪ್ಪ ದೊಡ್ಡ ಡ್ರಮ್ಮನ್ನು ಮಗ್ಗುಲಿಗೆ ಮಲಗಿಸಿಕೊಂಡು ಕುಳಿತಿದ್ದರು. ಡ್ರಮ್ಮಿನ ಮುಖದ ಮೇಲೆ ಬ್ಯಾಂಡಿನ ಎಂಟೂ ಜನರನ್ನು ಅವರವರ ಕೆಲಸದ ಹೆಸರಲ್ಲಿ ವೃತ್ತವಾಗಿ ಬರೆದಿದ್ದರು; ಅದು ಹದಿನೆಂಟು ವರ್ಷದ ಹಳೆಯ ಬರಹ. ಈಗ ಎಂಟನ್ನೂ ಒರೆಸಿಹಾಕಿದ್ದರು. ಕಣ್ಣಳತೆಯ ಮನುಷ್ಯ ಮೊದಲ ಸಲ ಅಳತೆಪಟ್ಟಿ ಹಿಡಿದಿದ್ದರು. ಒಂಬತ್ತಕ್ಕೆ ಜಾಗ ಸಮನಾಗಿ ಹಂಚಿ, ಎಲ್ಲಕ್ಕಿಂತ ಮೇಲೆ, ಮೊದಲು ಪೇಂಟರ್ ಎಂದಿದ್ದ ಕಡೆ, ಟೈಮ್‌ಕೀಪರ್ ಎಂದು ಬರೆದು ಕೊನೆಯ ಅಕ್ಷರ ತೀಡುತ್ತಿದ್ದರು.

"ನಾನು ಏನೂ ನುಡಿಸಲ್ಲವಲ್ಲಪ್ಪ," ಎಂದಳು ಮಗಳು.

"ನುಡಿಸೋರು ಎಂಟು ಜನ ಇದ್ದೀವಲ್ಲ. ಏನು ನುಡಿಸ್ತಿದ್ದೀವಿ ಅಂತ ಗೊತ್ತಿರೋರು ಒಬ್ಬರು ಬೇಡ್ವಾ?" ಎಂದರು ಪೇಂಟರು. "ಹೋಗು, ಏಳರ ಬಸ್ ಹೊರಡೋ ಹೊತ್ತಾಯ್ತು. ಮುಟ್ಬೇಡ, ಬಣ್ಣ ಹಸಿ ಇದೆ."